ಹಂದಿಗಾದ್ರ ಹಿಂದ ಬರ್ರಿ

ಕಳೆದ ವರ್ಷ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಕೊಂಡ ಗೋವಿನಜೋಳಕ್ಕೆ ನಾನು ಪೇಟೆಯ ದರಕ್ಕಿಂತ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟೆ. ಚೌಕಾಸಿ ಮಾಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಹಳಿಯಾಳದ ಸಂತೆಯಲ್ಲಿ ಕೊತ್ತಂಬರಿ ಸಿವುಡಿಗೂ ನಾನು ದರ ಇಳಿಸಿಯೇ ಕೈ ಚಾಚುವವಳು. ನಾನು ಬರುವುದು ಕಂಡರೆ ಮೆಣಸಿನಕಾಯಿ ಮಾರುವಾಕೆ ಮೊದಲೇ ದರ ಏರಿಸಿ ಹೇಳುತ್ತಾಳೆ, ಇಳಿಸಲು ಜಾಗ ಇರಲಿ ಎಂದು. ಅಂಥವಳು ಕೇಳಿದಷ್ಟು ಎಣಿಸಿ ಕೊಟ್ಟು ಬಂದೆ. ಆ ಕಾಳು ಒಣಗಿತ್ತು. ಅದಕ್ಕೆ ಕೊಟ್ಟೆ. ಒಣಗಿದ ಕಾಳಿಗೂ ಒಣಗದ ಕಾಳಿಗೂ ನಡುವಿನ ಅಂತರ ಎರಡು ರೂಪಾಯಿ ಅಲ್ಲ ಎನ್ನುವುದನ್ನು ಅಷ್ಟು ಹೊತ್ತಿಗೆ ನಾನು ಮತ್ತು ನನ್ನ ಬೇಲಿಯಾಚೆಯ ಮನೆಯವಳು ಚೆನ್ನಾಗಿ ಕಲಿತಿದ್ದೆವು.

ನಾವು ಮೂಲತಃ ಧಾರವಾಡದ ಕಡೆಯವರು. ಕಾಗದದ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆಂದು ಮಾವನವರು ದಾಂಡೇಲಿಗೆ ಬಂದರು, ಅವರ ಹಿಂದೆ ಗಂಡ, ಗಂಡನ ಹಿಂದೆ ನಾನು. ಕೆಲಸ ಇದ್ದ ತಿಂಗಳು ಇತ್ತು, ಇಲ್ಲದ ತಿಂಗಳು ಇರಲಿಲ್ಲ. ನಾನು ತರಕಾರಿ ಬುಟ್ಟಿ ಹೊತ್ತೆ, ಆಮೇಲೆ ಕೋಳಿ ಸಾಕಿದೆ, ಆಮೇಲೆ ಹಳಿಯಾಳದ ರಸ್ತೆಯಲ್ಲಿ ಒಂದು ತುಂಡು ಜಾಗ ಹಿಡಿದು ಬಿಳಿ ಹಂದಿಗಳ ಗೂಡು ಕಟ್ಟಿದೆ. ಊರ ಕಡೆಯ ನೆಂಟರು ಮೂಗು ಮುರಿದರು. "ಎಮ್ಮಿ ಇರಲಿಲ್ಲೇನು, ಆಡ ಇರಲಿಲ್ಲೇನು, ಹಂದಿನ ಬೇಕಾತೇನು?" ಎಂದಳು ನನ್ನ ಅಕ್ಕ. "ಆಡು ಒಂದು ಹಡಿತೈತಿ ಇಲ್ಲಾ ಎರಡು ಹಡಿತೈತಿ. ಹಂದಿ ಎಷ್ಟು ಹಡಿತೈತಿ ಕೇಳು ಬಾ" ಎಂದೆ. ಕೇಳಲು ಆಕೆ ಬರಲಿಲ್ಲ. ಕ್ರಿಸ್ಮಸ್ಸಿಗೆ ಮುಂಚೆ ಗೋವಾದ ವ್ಯಾಪಾರಿ ಟೆಂಪೋ ತಂದು ತೂಕ ಹಾಕಿ ಒಯ್ಯುತ್ತಾನೆ. ನನಗೆ ಅಷ್ಟು ಸಾಕು.

ಬೇಲಿಯಾಚೆಯ ಮನೆಯವಳು ಸಿದ್ದಿ ಹೆಂಗಸು, ನನಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕವಳು. ಮನೆಯೊಳಗೆ ಕೊಂಕಣಿ, ನನ್ನ ಜೊತೆ ಕನ್ನಡ, ಹಂದಿಗಳ ಜೊತೆ ಎರಡೂ. ಗಂಡ ತೀರಿಕೊಂಡ ಮೇಲೆ ಪ್ರತಿ ವರ್ಷ ದೀಪಾವಳಿ ಆಚೀಚೆ ಮುಕಾದಮ ಕೂಡಿಸಿದ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಲಾರಿ ಹತ್ತಿ ಹೋಗುತ್ತಿದ್ದಳು. ಹೊಲದ ಬದುವಿನಲ್ಲಿ ತಾಡಪತ್ರಿಯ ಗುಡಿಸಲು, ಬೆಳಗಿನ ಥಂಡಿಯಲ್ಲಿ ಕುಡುಗೋಲು, ತಲೆಯ ಮೇಲೆ ಕಬ್ಬಿನ ಹೊರೆ. ವಾಪಸು ಬಂದಾಗ ಸೊಂಟ ನೆಟ್ಟಗಾಗಲು ಒಂದು ಮಳೆಗಾಲ ಬೇಕಾಗುತ್ತಿತ್ತು. "ಇಲ್ಲೇ ಇದ್ದು ಹಂದಿ ಸಾಕು, ದಾರಿ ನಾನು ಹೇಳ್ತೇನಿ" ಎಂದು ನಾನು ಹೇಳುತ್ತಲೇ ಬಂದಿದ್ದೆ. ಕಳೆದ ವರ್ಷ ಒಪ್ಪಿದಳು.

"ನಿನ್ನ ಮಾತ ಕೇಳಿ ಮುಕಾದಮಗ ಇಲ್ಲ ಅಂತೇನಿ, ನೆನಪಿರಲಿ ಅಕ್ಕಾ" ಎಂದಳು. "ಹಂದಿ ಬೆಳೀಲಿಲ್ಲಂದ್ರ ನಿನ್ನ ಕೈಯಾಗ ಕುಡುಗೋಲ ಕೊಟ್ಟು ಲಾರಿ ಹತ್ತಸ್ತೇನಿ."

ಮಳೆ ಹಿಂದೆ ಸರಿಯುವ ಹೊತ್ತಿಗೆ ಜೋಯಿಡಾ ಕಡೆಯಿಂದ ಒಂದೇ ತಾಯಿಯ ಮರಿಗಳನ್ನು ತಂದು ಇಬ್ಬರೂ ಅರ್ಧರ್ಧ ಹಂಚಿಕೊಂಡೆವು. ಗಂಡು ಹೆಣ್ಣು ಇಬ್ಬರಿಗೂ ಸಮ ಸಮ. ಗಂಡುಗಳ ಬೀಜ ಒಡೆಸಿಯೇ ತಂದಿದ್ದೆವು. ಒಂದೇ ಹಾಲು ಕುಡಿದ ಮರಿಗಳು ಎರಡು ಗೂಡುಗಳಲ್ಲಿ ಬೆಳೆಯತೊಡಗಿದವು.

ಹಂದಿ ಏನು ಬೇಕಾದರೂ ತಿನ್ನುತ್ತದೆ ಎನ್ನುತ್ತಾರೆ. ಅದು ನಿಜವೇ. ಆದರೆ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಮುಸುರೆಯ ಮೇಲೇ ಸಾಕುತ್ತಾರೆ. ಮೌಳಂಗಿಯ ಕಡೆ ಹೊಳೆದಂಡೆಯ ರಿಸಾರ್ಟುಗಳಲ್ಲಿ ಪ್ರವಾಸಿಗರು ಬಿಟ್ಟೆದ್ದ ಅನ್ನ, ಪೂರಿ, ಪಲಾವು ಡ್ರಮ್ಮುಗಟ್ಟಲೆ ಸಿಗುತ್ತದೆ, ಅದೂ ಪುಕ್ಕಟೆ. ನಾನೂ ತಂದಿದ್ದೇನೆ. ಆ ಡ್ರಮ್ಮಿನೊಳಗೆ ಹಲ್ಲುಕಡ್ಡಿ, ಪ್ಲಾಸ್ಟಿಕ್ ಚಮಚ, ಹಿಂಡಿದ ನಿಂಬೆಹೋಳು, ಮೇಲಷ್ಟು ಉಪ್ಪು ಖಾರ. ಅದರ ಮೇಲೆ ಬೆಳೆದ ಹಂದಿಗೆ ಹೊಟ್ಟೆ ಬರುತ್ತದೆ, ತೊಡೆ ಬರುವುದಿಲ್ಲ. ಗೋವಾದವನು ಕೈಯಿಟ್ಟು ನೋಡುವುದು ತೊಡೆಯನ್ನೇ.

ಹಾಗಾಗಿ ನನ್ನ ಲೆಕ್ಕ ಕಾಳಿನದು. ತೂಕದಲ್ಲಿ ಹತ್ತು ಪಾಲು ಎಂದರೆ ಆರು ಪಾಲು ಒಡೆಸಿದ ಗೋವಿನಜೋಳ, ಎರಡು ಪಾಲು ಅಕ್ಕಿತೌಡು, ಎರಡು ಪಾಲು ಸೋಯಾ ಹಿಂಡಿ. ಮೇಲೆ ಒಂದಿಷ್ಟು ಖನಿಜದ ಪುಡಿ, ಚಿಟಿಕೆ ಉಪ್ಪು. ನುಚ್ಚು ಅಗ್ಗ ಸಿಕ್ಕಾಗ ಗೋವಿನಜೋಳ ಕಡಿಮೆ ಮಾಡಿ ನುಚ್ಚು ಸೇರಿಸುತ್ತೇನೆ. ಕಾರವಾರದ ಒಣಮೀನಿನ ಪುಡಿ ಸಿಕ್ಕರೆ ಎಳೆಯ ಮರಿಗಳಿಗೆ ಮಾತ್ರ. ದೊಡ್ಡವಕ್ಕೆ ಹಾಕಿದರೆ ಮಾಂಸಕ್ಕೆ ಮೀನಿನ ವಾಸನೆ ಹತ್ತುತ್ತದೆ. ಇದನ್ನೆಲ್ಲ ಬೇಲಿಯ ಮೇಲಿಂದ ಆಕೆಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ಆಕೆ ಕೇಳಿಸಿಕೊಂಡಳು, ಮಾಡಿಯೂ ಮಾಡಿದಳು. ಹಳೆಯ ಗೋವಿನಜೋಳ ಮುಗಿಯುವವರೆಗೂ ಎರಡೂ ಗೂಡಿನ ಮರಿಗಳು ಒಂದೇ ಸಮನೆ ಏರಿದವು.

ದಸರೆಯ ಹೊತ್ತಿಗೆ ನಾನು ಒಂದು ಮದುವೆಗೆಂದು ಧಾರವಾಡಕ್ಕೆ ಹೋದೆ. ತಿರುಗಿ ಬರುವಷ್ಟರಲ್ಲಿ ಆಕೆಯ ಜಗುಲಿಯ ಮೇಲೆ ಹೊಸ ಚೀಲಗಳು ಕೂತಿದ್ದವು. ಮುಂಡಗೋಡದ ಹಾದಿಯಲ್ಲಿರುವ ಕಾಳಿನ ವ್ಯಾಪಾರಿಯ ಹತ್ತಿರ ಒಬ್ಬಳೇ ಹೋಗಿ ತಂದಿದ್ದಳು. ದರ ಹೇಳಿದಳು. ನಾನು ಎಂದೂ ಮುಟ್ಟದ ದರ.

"ನಿನಗಿಂತ ಕಡಿಮಿಗೆ ತಂದೇನಿ. ಇನ್ನ ಮ್ಯಾಲೆ ನಾ ಹೋಗ್ತೇನಿ ಪ್ಯಾಟಿಗೆ, ನೀ ಮನ್ಯಾಗ ಕುಂಡ್ರು" ಎಂದು ನಕ್ಕಳು. ಅಂಗಡಿಯಲ್ಲಿ ನಡೆದದ್ದನ್ನು ಸೆರಗು ಬಿಗಿದು ಅಭಿನಯಿಸಿಯೇ ತೋರಿಸಿದಳು. "ಹಿಂಡಿನೂ ಬೇಕ್ರಿ ಅಂದೆ. ಯಾ ಹಿಂಡಿ, ರೊಟ್ಟಿ ಕೂಡ ತಿನ್ನೂದೋ, ಎಮ್ಮಿಗಿ ಹಾಕೂದೋ ಅಂದ. ಎರಡೂ ಅಲ್ರಿ, ಹಂದಿಗಿ ಅಂದೆ. ಅದಕ್ಕ ಅಂವಾ, 'ಹಂದಿಗಾದ್ರ ಹಿಂದ ಬರ್ರಿ' ಅಂದು ಹಿತ್ತಲ ಕಾಳಿನ ಗುಡ್ಡಿಗೆ ಕರಕೊಂಡು ಹ್ವಾದ. ಎಷ್ಟು ಕಡಿಮಿ ಕೊಟ್ಟ ನೋಡು!"

ಹಿಂಡಿ ಎಂಬ ಮಾತು ನಮ್ಮ ಕಡೆ ಹೀಗೇ ತಮಾಷೆಯದು. ತಾಟಿನಲ್ಲಿ ರೊಟ್ಟಿಯ ಪಕ್ಕ ಬೀಳುವ ಶೇಂಗಾ ಹಿಂಡಿಯೂ ಹಿಂಡಿ, ಗಾಣದಿಂದ ಬರುವ ದನದ ತಿನಿಸೂ ಹಿಂಡಿ. ನಾನೂ ನಕ್ಕೆ. ನನ್ನನ್ನು ಚೌಕಾಸಿಯಲ್ಲಿ ಮೀರಿಸಿದಳಲ್ಲ ಎಂದು ಒಳಗೊಳಗೇ ಸ್ವಲ್ಪ ಉರಿಯಿತು, ಅದೂ ನಿಜ. ಹಿಂಡಿಯ ಚೀಲ ಮಾತ್ರ ಬಿಚ್ಚಿ ನೋಡಿದೆ: ಸೋಯಾ, ಸರಿಯಾಗಿತ್ತು. ಹತ್ತಿಕಾಳಿನ ಹಿಂಡಿ ಆಗಿದ್ದರೆ ಹಂದಿಗೆ ಆಗಿಬರುವುದಿಲ್ಲ. ಗೋವಿನಜೋಳ ಗೋವಿನಜೋಳವೇ ತಾನೇ ಎಂದು ಆ ಚೀಲಗಳ ಬಾಯಿ ಆವತ್ತು ಯಾರೂ ಬಿಚ್ಚಿ ನೋಡಲಿಲ್ಲ.

ಮೂರು ವಾರ ಆಗಿರಬೇಕು. ಒಂದು ಬೆಳಿಗ್ಗೆ ಬೇಲಿಯ ಹತ್ತಿರ ಕೂಗಿದಳು.

"ಅಕ್ಕಾ, ಬಾರಾ ಇಲ್ಲೆ! ನನ್ನ ಹೆಣ್ಣಮಕ್ಕಳು ಬೆದಿಗಿ ಬಂದಾವ!"

ಹೋಗಿ ನೋಡಿದೆ. ಹೆಣ್ಣು ಮರಿಗಳೆಲ್ಲದರ ಹಿಂಭಾಗ ಉಬ್ಬಿ ಕೆಂಪಾಗಿತ್ತು. ಬೆದೆಗೆ ಬಂದ ಹಂದಿ ಹೇಗಿರುತ್ತದೋ ಹಾಗೆಯೇ. ಓಣಿಯ ನಾಲ್ಕು ಮಂದಿ ಬಂದು ನೋಡಿದರು, ಎಲ್ಲರೂ ಹೌದೆಂದರು. ಹೊಸ ಕಾಳಿನ ಜೋರು ಎಂದು ಒಬ್ಬರು ತಲೆದೂಗಿದರು. ಆಕೆಗೆ ಹಿಗ್ಗು ತಡೆಯಲಾಗಲಿಲ್ಲ.

"ನಿನ್ನವು ನೋಡು, ಇನ್ನಾ ಕೂಸ. ನನ್ನವು ಮದಲಗಿತ್ಯಾರ ಆಗ್ಯಾವ" ಎಂದು ನನ್ನನ್ನು ಚುಚ್ಚಿದಳು. "ಗಂಡ ಹಂದಿ ತರಸೂಣು. ಒಂದೆರಡು ತಾಯಿ ಆಗ್ಲಿ. ಕಬ್ಬಿನ ಮಾರಿ ಜಲ್ಮದಾಗ ನೋಡೂದಿಲ್ಲ ನಾ."

ಆಕೆಯ ಸಂತೋಷದಲ್ಲಿ ನಾನೂ ಪಾಲು ತೆಗೆದುಕೊಂಡೆ. ಆದರೆ ಸಂತೆಯಲ್ಲಿ ವರ್ಷಗಟ್ಟಲೆ ಕಳೆದವರಿಗೆ ಒಂದು ಅಭ್ಯಾಸ ಬೆಳೆದಿರುತ್ತದೆ: ಎಲ್ಲವೂ ಒಮ್ಮೆಗೇ ಲಾಭವಾಗಿ ಕಂಡರೆ ಬುಟ್ಟಿಯ ತಳ ನೋಡಬೇಕೆನಿಸುತ್ತದೆ. ಮನೆಗೆ ಬಂದು ನನ್ನ ಗೂಡಿನ ಮುಂದೆ ಕೂತೆ. ಅದೇ ತಾಯಿ, ಅದೇ ಹಾಲು, ಅದೇ ವಯಸ್ಸು. ನನ್ನ ಹೆಣ್ಣು ಮರಿಗಳಲ್ಲಿ ಒಂದಕ್ಕೂ ಉಬ್ಬಿರಲಿಲ್ಲ. ನಾಲ್ಕು ತಿಂಗಳು ತುಂಬಿತೋ ಇಲ್ಲವೋ ಎನ್ನುವ ಮರಿಗಳಿಗೆ ಬೆದೆ ಎಲ್ಲಿಯದು? ಬಂದರೂ ಒಂದಕ್ಕೆ ಬರಬೇಕು, ಎಲ್ಲಕ್ಕೂ ಒಟ್ಟಿಗೆ ಬರುವುದೇನು, ಹೊತ್ತು ಗೊತ್ತು ಮಾಡಿಕೊಂಡಂತೆ? ಮತ್ತೆ ಬೇಲಿ ದಾಟಿ ಆಕೆಯ ಗಂಡು ಮರಿಗಳನ್ನು ನೋಡಿದೆ. ಬೀಜ ಒಡೆಸಿದ ಆ ಗಂಡುಗಳ ಮೊಲೆತೊಟ್ಟುಗಳೂ ದಪ್ಪಗಾಗಿದ್ದವು. ತಿನಿಸಿನ ತೊಟ್ಟಿಯಲ್ಲಿ ಹಿಂದಿನ ದಿನದ ಕಾಳು ಹಾಗೇ ಉಳಿದಿತ್ತು.

ಎರಡು ಗೂಡುಗಳ ನಡುವೆ ಬೇರೆಯಾಗಿದ್ದದ್ದು ಒಂದೇ: ನನ್ನವು ಇನ್ನೂ ಹಳೆಯ ಗೋವಿನಜೋಳವನ್ನೇ ತಿನ್ನುತ್ತಿದ್ದವು. ಆಕೆಯ ಜಗುಲಿಗೆ ಹೋಗಿ ಚೀಲದೊಳಗೆ ಮೊಳಕೈವರೆಗೆ ಕೈ ಇಳಿಸಿದೆ. ಒಳಗೆ ಬೆಚ್ಚಗಿತ್ತು. ಕಾಳು ಉಂಡೆಗಟ್ಟಿ ಕೈಗೆ ಬಂತು. ಕಾಳಿನ ಮೂತಿಯಲ್ಲಿ ನಸುಗೆಂಪು ಬೂಷ್ಟು, ಹಳೆಯ ಕಂಬಳಿ ಒದ್ದೆಯಾದಾಗ ಬರುವಂಥ ವಾಸನೆ. ಆ ವರ್ಷ ಕೊಯ್ಲಿನ ಮೇಲೆ ಮಳೆ ಬಿದ್ದಿತ್ತು. ರಸ್ತೆಯ ಮೇಲೆ ಹರವಿದ್ದ ಗೋವಿನಜೋಳವನ್ನು ಜನ ಗಡಿಬಿಡಿಯಲ್ಲಿ ಗುಡ್ಡೆ ಮಾಡಿ ತಾಡಪತ್ರಿ ಮುಚ್ಚಿದ್ದರು. ಅಂಥ ಗುಡ್ಡೆ ಒಳಗೇ ಬೆವರುತ್ತದೆ.

ಮರಿಗಳ ಫೋಟೋ, ಕಾಳಿನ ಫೋಟೋ ಎರಡನ್ನೂ ಪಶುವೈದ್ಯರಿಗೆ ಕಳಿಸಿ ಫೋನು ಮಾಡಿದೆ. ಆಕೆ ನನ್ನ ಭುಜಕ್ಕೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು.

"ಬೆದಿ ಅಲ್ರಿ ಅದು" ಎಂದರು ಅವರು. "ಬೂಷ್ಟ ಹಿಡಿದ ಕಾಳಿನ ವಿಷ, ಬೆದಿ ಬಂದಂಗ ಉಬ್ಬಸ್ತೈತಿ. ಗಂಡ ಹಂದಿ ತರಸಬ್ಯಾಡ್ರಿ. ಮೊದಲ ಆ ಕಾಳ ಬಂದ್ ಮಾಡ್ರಿ."

"ತೊಳದು ಒಣಗಿಸಿ ಹಾಕಿದ್ರ?" ಎಂದು ಆಕೆಯೇ ಕೇಳಿದಳು.

"ತೊಳದ್ರ ಮ್ಯಾಲಿಂದು ಹೋಗ್ತೈತ್ರಿ. ಒಳಗಿಂದು ಹೋಗೂದಿಲ್ಲ."

ಫೋನು ಇಟ್ಟ ಮೇಲೆ ಆಕೆ ತೊಟ್ಟಿಯಲ್ಲಿ ಉಳಿದಿದ್ದ ಕಾಳನ್ನು ಬಳಿದು ಹೊರಗೆ ಸುರಿದಳು. ಬೆದೆ ಬಂತೆಂದು ಓಣಿಯವರೆಲ್ಲ ಸೇರಿ ಹೌದೆಂದ ಸಂಭ್ರಮ ಅದು. ಅದನ್ನು ವಾಪಸು ತೆಗೆದುಕೊಳ್ಳುವುದು ಕಾಳನ್ನು ಎಸೆಯುವುದಕ್ಕಿಂತ ಕಷ್ಟ.

ಅದೇ ಸಂಜೆ ಮುಕಾದಮ ಮೋಟರ್ ಸೈಕಲ್ ಮೇಲೆ ಬಂದ. ಕಬ್ಬಿನ ಗ್ಯಾಂಗಿಗೆ ಆಳು ಕೂಡಿಸುವವನು ಅವನೇ. ಗಾಡಿಯಿಂದ ಇಳಿಯಲೂ ಇಲ್ಲ.

"ಬಾಯೀ, ಸೋಮವಾರ ಲಾರಿ ಹೊಂಡತೈತಿ. ನಿಂದೊಂದು ಹೆಸರ ಹಿಡೀಲೋ ಬಿಡ್ಲೋ?"

ಆವತ್ತು ಬೆಳಿಗ್ಗೆ ಕೇಳಿದ್ದರೆ ಅವನನ್ನು ಹಾಡಿ ಕಳಿಸುತ್ತಿದ್ದಳು. ಈಗ ಗೂಡಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಆದಿತ್ವಾರ ಹೇಳ್ತೇನಿ" ಎಂದಳು. ಸಲಹೆ ಕೊಡುವುದರಲ್ಲಿ ನನಗೆ ಎಂದೂ ಸುಸ್ತಾಗುವುದಿಲ್ಲ. ಆದರೆ ಆವತ್ತು ನನ್ನ ಸಲಹೆಯ ಮೇಲೆ ಒಬ್ಬಳ ಇಡೀ ಚಳಿಗಾಲ ನಿಂತಿತ್ತು. ಹಂದಿಗಳು ಮತ್ತೆ ತಿಂದು ಬೆಳೆದರೆ ಆಕೆ ಮನೆಯಲ್ಲಿ, ಬೆಳೆಯದಿದ್ದರೆ ಗುಡಿಸಲಿನಲ್ಲಿ.

ಮರುದಿನ ಉಳಿದ ಚೀಲಗಳನ್ನು ಟೆಂಪೋಗೆ ಹಾಕಿ ಇಬ್ಬರೂ ಆ ವ್ಯಾಪಾರಿಯ ಅಂಗಡಿಗೆ ಹೋದೆವು. ಅಂಗಡಿಯ ಮುಂದೆ ಬಂಗಾರದ ಬಣ್ಣದ ಗುಡ್ಡೆ. ಕೋಳಿಫಾರ್ಮಿನವರು ನಾಲ್ಕು ಮಂದಿ ನಿಂತು ತೂಗಿಸುತ್ತಿದ್ದರು. ಗಿರಾಕಿ ಇರುವಾಗ ಮಾತು ತೆಗೆಯಬೇಕು, ಖಾಲಿ ಅಂಗಡಿಯಲ್ಲಿ ಜಗಳಕ್ಕೆ ಬೆಲೆಯಿಲ್ಲ. ಒಂದು ಬೊಗಸೆ ಬೂಷ್ಟು ಕಾಳನ್ನು ಮುಂದಿನ ಗುಡ್ಡೆಯ ಪಕ್ಕ ಸುರಿದೆ.

"ಇದು ಮುಂದಿನ ಗುಡ್ಡಿದೋ ಹಿಂದಿನ ಗುಡ್ಡಿದೋ, ನೀವ ಹೇಳ್ರಿ ಸಾವಕಾರ್ರ."

ಕೋಳಿಯವರು ಬಗ್ಗಿ ನೋಡಿದರು. ವ್ಯಾಪಾರಿ ಕಾಲಿನಿಂದ ಅದನ್ನು ಸರಿಸಿದ. "ಹಂದಿಗಂತ ಕೇಳಿದ್ರು, ಹಂದಿಗಂತ ಕೊಟ್ಟೆ. ಹಂದಿ ಏನರ ಬಿಡ್ತೈತೇನವ್ವಾ?"

"ಹಂದಿ ಬಿಡೂದಿಲ್ರಿ. ಗೋವಾದಂವಾ ಬಿಡ್ತಾನ. ಅಂವಾ ತೂಕ ಹಾಕಿ ರೊಕ್ಕ ಕೊಡ್ತಾನ, ಹಂದಿಗಿ ರುಚಿ ಆಗಿತ್ತೇನಂತ ಕೇಳೂದಿಲ್ಲ."

"ಅಗ್ಗ ಅಂತ ನಕ್ಕೋತ ಒಯ್ದಾರ ಈ ಬಾಯಿ."

"ನಕ್ಕಿದ್ದು ಖರೇ" ಎಂದಳು ನಮ್ಮವಳು. "ಹಿಂದ ಕರದು ನೀವ ನಗಿಸಿದ್ರಿ."

ಅಲ್ಲಿದ್ದವರು ನಕ್ಕರು. ವ್ಯಾಪಾರಿಯೂ ಅರ್ಧ ನಕ್ಕ. ನಕ್ಕ ಮನುಷ್ಯನ ಜೊತೆ ವ್ಯವಹಾರ ಆಗುತ್ತದೆ. ದುಡ್ಡು ವಾಪಸು ಕೇಳಲಿಲ್ಲ, ಅದು ಬರುವುದಿಲ್ಲವೆಂದು ಗೊತ್ತಿತ್ತು. ಬಿಚ್ಚದ ಚೀಲಗಳ ಬದಲಿಗೆ ಸೋಯಾ ಹಿಂಡಿ ಕೊಡಿಸಿಕೊಂಡೆ. ಬಿಚ್ಚಿದ ಚೀಲ ನಮ್ಮ ತಲೆಗೇ ಬಂತು, ಅದು ತಿಪ್ಪೆಗೆ ಹೋಯಿತು. ಅವನನ್ನು ಕೆಟ್ಟವನೆಂದು ನಾನು ಈಗಲೂ ಹೇಳುವುದಿಲ್ಲ. ಹಂದಿಯ ಹೆಸರು ಹೇಳಿದ ಕೂಡಲೇ ಹಿತ್ತಲು ತೋರಿಸುವುದು ಎಲ್ಲ ಕಡೆಯ ರೂಢಿ. ನೆಂಟರು ನನಗೆ ತೋರಿಸಿದ್ದೂ ಅದೇ. ನಾವೂ ಎಷ್ಟೋ ಸಲ ಆ ಹೆಸರನ್ನು ತಗ್ಗಿದ ದನಿಯಲ್ಲೇ ಹೇಳುತ್ತೇವೆ. ತಗ್ಗಿದ ದನಿಯಲ್ಲಿ ಕೇಳಿದವರಿಗೆ ಯಾರು ಮುಂದಿನ ಗುಡ್ಡೆ ತೂಗುತ್ತಾರೆ?

ಮುಂದಿನ ಗುಡ್ಡೆಯೂ ನನಗೆ ಹಿಡಿಸಲಿಲ್ಲ. ಮೇಲೆ ಬಂಗಾರ, ಕೈ ಇಳಿಸಿದರೆ ತಣ್ಣನೆಯ ತೇವ. ಅಲ್ಲಿಂದ ನೇರ ಟಿಬೆಟನ್ ಕಾಲೊನಿಗೆ ಹೋದೆವು. ಕ್ಯಾಂಪಿನ ಒಂದು ಮನೆಯ ಸೂರಿನ ಕೆಳಗೆ ಗೋವಿನಜೋಳದ ತೆನೆಗಳನ್ನು ಜೋಡಿ ಜೋಡಿಯಾಗಿ ಕಟ್ಟಿ ತೂಗುಹಾಕಿದ್ದರು. ಮನೆಯ ಯಜಮಾನ ವಯಸ್ಸಾದವರು, ಮಣಿಸರ ಎಣಿಸುತ್ತ ಕೂತಿದ್ದರು. ಬಿಡಿಸಿಟ್ಟ ಕಾಳನ್ನು ತೋರಿಸಿದರು. ಒಂದು ಕಾಳು ಹಲ್ಲಿಗೆ ಇಟ್ಟೆ, ಟಕ್ಕೆಂದು ಎರಡಾಯಿತು.

"ಏನಕ್ಕೆ ಬೇಕು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಆಕೆ ಎಲ್ಲರಿಗೂ ಕೇಳುವಂತೆ "ಹಂದಿಗಿ!" ಎಂದಳು, ಜಗಳಕ್ಕೆ ನಿಂತವಳ ಹಾಗೆ.

"ಒಳ್ಳೇದು. ಹಂದಿಗೂ ಹಲ್ಲು ಇದೆ" ಎಂದು ಅವರು ದರ ಹೇಳಿದರು. "ಕಡಿಮೆ ಆಗಲ್ಲ ಅಮ್ಮಾ. ಒಣಗಿದ ಮೇಲೆ ತೂಕ ಹೋಗಿದೆ, ಅದು ನನ್ನ ನಷ್ಟ."

ಅವರ ಮಾತು ಸರಿಯಿತ್ತು. ಒದ್ದೆ ಕಾಳು ಕೊಂಡವನು ನೀರಿಗೂ ದುಡ್ಡು ಕೊಡುತ್ತಾನೆ. ಕೊಟ್ಟೆ.

ಭಾನುವಾರ ಚರ್ಚಿನಿಂದ ಬಂದು ಆಕೆ ಸೀರೆ ಬದಲಿಸುವಷ್ಟರಲ್ಲಿ ಮುಕಾದಮ ಬಂದ. ಮರಿಗಳ ಉಬ್ಬು ಇನ್ನೂ ಹಾಗೇ ಇತ್ತು. ಹೊಸ ಕಾಳನ್ನು ತಿನ್ನುತ್ತಿದ್ದವು, ಅಷ್ಟೇ. ಬೆಳೆಯುತ್ತವೆ ಎಂದು ನಾನು ಭರವಸೆ ಕೊಡಲಿಲ್ಲ, ಆಕೆಯೂ ಕೇಳಲಿಲ್ಲ.

"ನಾ ಬರೂದಿಲ್ರಿ" ಎಂದಳು.

"ಹಂದಿ ನಂಬಿ ಕಬ್ಬ ಬಿಡ್ತಿ?"

"ಕಬ್ಬ ನಂಬಿ ಸೊಂಟ ಬಿಟ್ಟೇನಿ. ಹಂದಿ ನಂಬಿ ಏನ್ ಬಿಡ್ತೇನೋ ನೋಡೂಣು."

ಅವನು ಗಾಡಿಗೆ ಕಿಕ್ ಹೊಡೆದು ಹೋದ. ಆಕೆ ತೊಟ್ಟಿಯ ಹತ್ತಿರ ಕೂತು ಹಂದಿಗಳು ತಿನ್ನುವುದನ್ನು ನೋಡುತ್ತಿದ್ದಳು. ಹಾಗೆ ಎಷ್ಟೋ ದಿನ ಕೂತಳು. ಉಬ್ಬು ಮೆಲ್ಲಗೆ ಇಳಿಯಿತು, ತೊಟ್ಟಿ ಖಾಲಿಯಾಗತೊಡಗಿತು. ಆದರೆ ಹೋದ ದಿನಗಳು ಹೋದವೇ. ಕ್ರಿಸ್ಮಸ್ಸಿಗೆ ಗೋವಾದವನು ನನ್ನವನ್ನೆಲ್ಲ ಏರಿಸಿಕೊಂಡ, ಆಕೆಯವುಗಳಲ್ಲಿ ಅರ್ಧ ಮಾತ್ರ. "ಉಳಿದವು ಇನ್ನೂ ಬರಬೇಕು" ಎಂದು ತೊಡೆ ಮುಟ್ಟಿ ಬಿಟ್ಟ. ಉಳಿದವನ್ನು ಮದುವೆಗಳ ಹಂಗಾಮಿನವರೆಗೆ ತಿನ್ನಿಸಿ ಮಾರಿದಳು. ಹೆಚ್ಚಿಗೆ ತಿಂದ ಕಾಳು ಲಾಭದಲ್ಲಿ ಒಂದು ಭಾಗ ನುಂಗಿತು. ಕಡೆಗೆ ಕೈಗೆ ಬಂದದ್ದು ಕಬ್ಬು ಕೊಡುತ್ತಿದ್ದಷ್ಟೇ, ಹೆಚ್ಚೇನಲ್ಲ. ನಾನು ಪೆಚ್ಚಾಗಿ ಕೂತಿದ್ದಾಗ ಆಕೆಯೇ ಹೇಳಿದಳು, "ಅಷ್ಟ ರೊಕ್ಕ, ಆದ್ರ ನನ್ನ ಹಾಸಗಿ ಮ್ಯಾಲೆ ಮಲಗಿ ಗಳಿಸೇನಲ್ಲ." ಈ ವರ್ಷ ಮತ್ತೆ ಮರಿ ತಂದಿದ್ದಾಳೆ. ಮುಕಾದಮ ಈ ಸಲ ಅವಳ ಮನೆಯ ಮುಂದೆ ಗಾಡಿ ನಿಲ್ಲಿಸಲಿಲ್ಲ.

ಹಂದಿ ಸಾಕಬೇಕೆಂದಿರುವ ನಿಮಗೆ ನಾನು ಹೇಳುವುದಿಷ್ಟು. ಕಾಳು ಕೊಳ್ಳಲು ಹೋದಾಗ ಮೊದಲು ದರ ಕೇಳಬೇಡಿ, ಮೊದಲು ಚೀಲದ ನಡುವಿಗೆ ಕೈ ಇಳಿಸಿ. ಬೆಚ್ಚಗಿದ್ದರೆ ಬಿಟ್ಟು ಬನ್ನಿ. ಒಂದು ಕಾಳು ಕಚ್ಚಿ ನೋಡಿ. ಹಲ್ಲಿಗೆ ಮೆತ್ತಗಾದರೆ ಅದು ಇನ್ನೂ ಒಣಗಿಲ್ಲ. ಮೂಗಿಗೆ ಹಿಡಿಸದ ಕಾಳನ್ನು ತೊಳೆದು, ಹುರಿದು, ಒಳ್ಳೆಯದರಲ್ಲಿ ಬೆರೆಸಿ ದಾಟಿಸಬಹುದೆಂದು ಯಾರು ಹೇಳಿದರೂ ಕೇಳಬೇಡಿ. ತಂದ ಚೀಲಗಳನ್ನು ನೆಲಕ್ಕೆ ಇಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಹಿಂಡಿ ಕೇಳುವಾಗ ಯಾವ ಹಿಂಡಿ ಎಂದು ಹೆಸರು ಹಿಡಿದು ಕೇಳಿ, ಅಂಗಡಿಯವನು ಎಮ್ಮೆಯದನ್ನು ಕಟ್ಟಿಬಿಟ್ಟಾನು. ಎಮ್ಮೆಗೆ ತಂದ ಖನಿಜದ ಪುಡಿಯನ್ನೇ ಹಂದಿಗೂ ಹಾಕಬೇಡಿ. ಪ್ಯಾಕೆಟ್ಟಿನ ಮೇಲೆ ಯಾವ ಪ್ರಾಣಿಗೆಂದು ಬರೆದಿರುತ್ತದೆ, ಓದಿಸಿಕೊಳ್ಳಿ. ಮುಸುರೆ ತರಲೇಬೇಕಾದರೆ ಕಡ್ಡಿ, ಪ್ಲಾಸ್ಟಿಕ್ ಆರಿಸಿ ತೆಗೆದು, ಚೆನ್ನಾಗಿ ಕುದಿಸಿ, ಉಪ್ಪು ಬೇರೆ ಹಾಕದೆ ಕೊಡಿ. ಮಾಂಸ ಬಿದ್ದದ್ದಂತೂ ಗೂಡಿನ ಹತ್ತಿರವೂ ತರಬೇಡಿ. ಹೊಸ ಕಾಳನ್ನು ಒಮ್ಮೆಗೇ ಬದಲಿಸದೆ ಹಳೆಯದರ ಜೊತೆ ದಿನಕ್ಕಿಷ್ಟು ಏರಿಸುತ್ತ ಹೋಗಿ. ತೊಟ್ಟಿಯಲ್ಲಿ ಉಳಿದರೆ ಹಂದಿಗೆ ಕೊಬ್ಬು ಬಂತೆಂದು ಬೈಯಬೇಡಿ, ಕಾಳನ್ನು ನೋಡಿ. ಎಳೆಯ ಹೆಣ್ಣು ಮರಿಗಳೆಲ್ಲ ಒಟ್ಟಿಗೇ ಬೆದೆಗೆ ಬಂದಂತೆ ಕಂಡರೆ ಗಂಡು ಹಂದಿಗೆ ಹೇಳಿಕಳಿಸಬೇಡಿ. ಆವತ್ತಿನ ತಿನಿಸು ನಿಲ್ಲಿಸಿ, ಒಂದು ಹಿಡಿ ಕಾಳನ್ನು ಕಾಗದದಲ್ಲಿ ಕಟ್ಟಿಕೊಂಡು ಪಶುವೈದ್ಯರ ಹತ್ತಿರ ಹೋಗಿ.